ಸಿಮೆಂಟಿನೊಳಗಿನದು ‘ತಂತು’ವೋ ‘ನಾರೋ’?

ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ ಬರೆದ ಕನ್ನಡ ಟಿಪ್ಪಣಿಯೊಂದನ್ನು ತಿದ್ದುತ್ತಿದ್ದೇನೆ. ಸಿಮೆಂಟಿಗೆ ಕಾರ್ಬನ್ ನ್ಯಾನೊಫೈಬರ್, ಅಂದರೆ ಇಂಗಾಲದ ಅತಿ ಸಣ್ಣ ಎಳೆಗಳನ್ನು, ಬೆರೆಸುವ ವಿಷಯ. ಕರಡಿನಲ್ಲಿ ‘ಇಂಗಾಲ ನ್ಯಾನೊತಂತು ಪ್ರಬಲಿತ ಸಿಮೆಂಟ್ ಸಂಯುಕ್ತ’ ಎಂದಿದೆ. ಓದಿದವನಿಗೆ ಉಸಿರು ಕಟ್ಟಬೇಕು.

‘ಸಂಯುಕ್ತ’ವನ್ನು ಆಗಲೇ ಹೊಡೆದುಹಾಕಿದೆ. ರಸಾಯನಶಾಸ್ತ್ರದಲ್ಲಿ ಅದಕ್ಕೆ ಬೇರೆ ಅರ್ಥವಿದೆ. ‘ಸಂಯೋಜಿತ ವಸ್ತು’ ಸಾಕು.

‘ತಂತು’ ಎಂದರೆ ನನಗೆ ತಂಬೂರಿಯೇ ಕಣ್ಣಿಗೆ ಬರುತ್ತದೆ, ಧಾರವಾಡದಲ್ಲಿ ಹುಟ್ಟಿದ ತಪ್ಪಿಗೆ. ಉದ್ದಕ್ಕೆ ಬಿಗಿದದ್ದು ತಂತು. ಇದಾದರೋ ಸುಮಾರು 100 ನ್ಯಾನೊಮೀಟರ್ ದಪ್ಪದ ತುಂಡು. ತಲೆಗೂದಲು ಇದರ ನೂರಾರು ಪಟ್ಟು ದಪ್ಪ. ‘ನಾರು’ ಎನ್ನೋಣವೆಂದರೆ, ಅದು ಪುಂಡಿಯದು, ತೆಂಗಿನದು, ಇಂಗಾಲಕ್ಕೆ ಹೊಂದದು ಎಂದು ಕರಡು ಬರೆದವರ ಆಕ್ಷೇಪ.

ಕಳೆದ ಬೇಸಿಗೆಯಲ್ಲಿ ನಮ್ಮ ಹಳೆಯ ಮಣ್ಣಿನ ಗೋಡೆಗೆ ಗಿಲಾವು ಮಾಡಿಸಿದೆವು. ಗೌಂಡಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಗೇಣುದ್ದ ಕತ್ತರಿಸಿದ ಭತ್ತದ ಹುಲ್ಲನ್ನು ಮಣ್ಣಿಗೆ ತುಳಿಯುತ್ತಿದ್ದ. ಹುಲ್ಲು ಯಾಕೆಂದು ಕೇಳಿದೆ. “ಗೋಡೆ ಬಾಯಿ ಬಿಡಬಾರದಲ್ಲ, ಇದು ಹಿಡಿದುಕೊಳ್ಳುತ್ತದೆ” ಎಂದ. ಬಲ, ಕಸುವು ಎಂಬ ಮಾತೇ ಅವನ ಬಾಯಿಂದ ಬರಲಿಲ್ಲ.

ನ್ಯಾನೊಫೈಬರ್ ಮಾಡುವುದೂ ಅದನ್ನೇ. ಕಣ್ಣಿಗೆ ಕಾಣದ ಬಿರುಕು ಹುಟ್ಟುವಾಗಲೇ ಅದರ ಎರಡೂ ಅಂಚುಗಳನ್ನು ಕೌದಿಯ ಹೊಲಿಗೆಯಂತೆ ಹಿಡಿದು, ಅಗಲವಾಗಲು ಬಿಡುವುದಿಲ್ಲ. ಕಬ್ಬಿಣದ ಸರಳಿನ ಕಾಂಕ್ರೀಟಿಗೆ ‘ಪ್ರಬಲಿತ’ (ಬಲ ತುಂಬಿದ) ರೂಢಿಯಾಗಿದೆ, ಇರಲಿ. ಇಲ್ಲಿ ಮಾತ್ರ ‘ಹಿಡಿ’ ಧಾತುವಿನಿಂದಲೇ ಒಂದು ಪದ ಬೇಕೆನಿಸುತ್ತದೆ. ‘ನಾರುಹಿಡಿತದ ಸಿಮೆಂಟ್’ ಎಂದರೆ ನಗುತ್ತೀರಾ?

ಇನ್ನೊಂದು ತೊಡಕು. ಈ ನಾರುಗಳು ನೀರಿಗೆ ಒಗ್ಗುವುದಿಲ್ಲ, ಒಂದನ್ನೊಂದು ಅಂಟಿಕೊಂಡು ಗಂಟಾಗುತ್ತವೆ. ಗಂಟು ಉಳಿದರೆ ಅಲ್ಲಿಯೇ ಸಿಮೆಂಟು ದುರ್ಬಲ. ಹಾಗಾಗಿ ಸೂಪರ್‌ಪ್ಲಾಸ್ಟಿಸೈಜರ್ (ಕಡಿಮೆ ನೀರಿನಲ್ಲೇ ಸಿಮೆಂಟನ್ನು ತೆಳುವಾಗಿಸುವ ರಾಸಾಯನಿಕ) ಸೇರಿಸಿದ ನೀರಿನಲ್ಲಿ ಹಾಕಿ, ಶ್ರವಣಾತೀತ ಅಲೆಗಳಿಂದ ಬಿಡಿಸಿದ ಮೇಲೆಯೇ ಸಿಮೆಂಟಿಗೆ ಬೆರೆಸುವುದು. ಕರಡಿನಲ್ಲಿ ಇದಕ್ಕೆ ‘ಪ್ರಸರಣ’ ಎಂದಿದೆ. ಓದಿದರೆ ಆಕಾಶವಾಣಿ ಹಚ್ಚಿದಂತಾಗುತ್ತದೆ! ಅಂಬಲಿಗೆ ಜೋಳದ ಹಿಟ್ಟು ಕದಡುವಾಗ ನಮ್ಮ ಮನೆಯಲ್ಲಿ ‘ಗಂಟು ಒಡೆಯುವುದು’ ಎನ್ನುತ್ತಾರೆ. ಆದರೆ ಒಡೆದ ಮೇಲೆ ಎಲ್ಲ ಕಡೆ ಸಮನಾಗಿ ಹರಡಬೇಕೆಂಬ ಅರ್ಥ ಅದರಲ್ಲಿ ಬರುವುದಿಲ್ಲ. ‘ಚದುರಿಕೆ’ಯಲ್ಲಿ ಹರಡುವುದು ಬರುತ್ತದೆ, ಗಂಟು ಬರುವುದಿಲ್ಲ. ಎರಡನ್ನೂ ಹಿಡಿಯುವ ಒಂದೇ ಪದ ಯಾರಿಗಾದರೂ ಹೊಳೆಯುತ್ತದೆಯೇ?

ಹುಲ್ಲು ತುಳಿದ ಮಣ್ಣಿಗೆ ಗದಗ, ಹಾವೇರಿ ಕಡೆಯ ಗೌಂಡಿಗಳಲ್ಲಿ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ. ಟಿಪ್ಪಣಿ ಅಚ್ಚಿಗೆ ಹೋಗಲು ಇನ್ನೂ ಎಂಟು ದಿನವಿದೆ.