ಡಿಎಸ್‌ಎಲ್‌ಆರ್ ಹೊತ್ತು ಸಾಕಾಗಿದೆ, ಕಾಂಪ್ಯಾಕ್ಟ್ ತಗೊಳ್ಳಬಹುದಾ?

ಪ್ರಶ್ನೆ: ಸರ್, ನನ್ನ ಹತ್ತಿರ ನಿಕಾನ್ ಡಿ5300 ಡಿಎಸ್‌ಎಲ್‌ಆರ್ ಇದೆ. ಜೊತೆಗೆ ಬಂದ 18-55 ಲೆನ್ಸ್ ಬಿಟ್ಟು ಬೇರೆ ಲೆನ್ಸ್ ತಗೊಂಡೇ ಇಲ್ಲ. ತೆಗೆಯೋದು ಹೆಚ್ಚಾಗಿ ಹೊಯ್ಸಳ ದೇವಸ್ಥಾನಗಳ ಶಿಲ್ಪ, ಆಗಾಗ ಯಕ್ಷಗಾನ. ಕತ್ತು ನೋವು ಶುರುವಾದ ಮೇಲೆ ಕ್ಯಾಮೆರಾ ಬೀರುವಿನಲ್ಲೇ ಕೂತಿದೆ. ಚಿಕ್ಕದು ತಗೊಂಡರೆ ಕ್ವಾಲಿಟಿ ಹೋಗುತ್ತಾ? ಅಂಗಡಿಯವರು ಝೂಮ್ ಜಾಸ್ತಿ ಇರೋದನ್ನೇ ತೋರಿಸುತ್ತಾರೆ.

ಉತ್ತರ: ಮೇಡಂ, ಝೂಮ್ ಮಾತು ಬಿಡಿ, ಸೆನ್ಸರ್ (ಬೆಳಕು ಹಿಡಿದು ಚಿತ್ರ ಮೂಡಿಸುವ ಚಿಪ್) ಎಷ್ಟು ದೊಡ್ಡದು ಅಂತ ಕೇಳಿ. ಝೂಮ್ ತೋರಿಸಿ ಮಾರುವ ಬಹಳಷ್ಟು ಕ್ಯಾಮೆರಾಗಳಲ್ಲಿ ಸೆನ್ಸರ್ ಕಿರುಬೆರಳ ಉಗುರಿಗಿಂತ ಚಿಕ್ಕದು. ನಿಮಗೆ ಬೇಕಿರುವುದು ಒಂದಿಂಚಿನ ಸೆನ್ಸರ್. ಹೆಸರಿಗಷ್ಟೇ ಒಂದಿಂಚು, ನಿಜವಾದ ಅಳತೆ 13.2 x 8.8 ಮಿ.ಮೀ.

ನಿಮ್ಮ ಡಿ5300 ಸೆನ್ಸರ್ ಇದರ ಮೂರು ಪಟ್ಟು ದೊಡ್ಡದು, ನಿಜ. ಆದರೆ ನಿಮ್ಮ ಲೆನ್ಸ್‌ನ ಎಫ್ ಸಂಖ್ಯೆ (ಕಡಿಮೆ ಇದ್ದಷ್ಟೂ ಒಳಗೆ ಬರುವ ಬೆಳಕು ಹೆಚ್ಚು) 3.5ರಿಂದ 5.6. ಒಂದಿಂಚಿನ ಸೆನ್ಸರ್ ಇರುವ ಸೋನಿ ಆರ್‌ಎಕ್ಸ್100 ಮಾರ್ಕ್ 5ಎ ಲೆನ್ಸ್ ಎಫ್ 1.8ರಿಂದ 2.8. ಎಫ್ ಸಂಖ್ಯೆ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಅಲ್ಲಿಗೆ ಲೆಕ್ಕ ಚುಕ್ತಾ! ಭಾರ ಮಾತ್ರ 700 ಗ್ರಾಂ ಚಿಲ್ಲರೆಯಿಂದ ಸುಮಾರು 300ಕ್ಕೆ ಇಳಿಯುತ್ತದೆ. ನೀವು 50 ಎಂಎಂ ಎಫ್ 1.8 ಲೆನ್ಸ್ ಬಳಸುತ್ತಿದ್ದರೆ ಈ ಮಾತು ಹೇಳುತ್ತಿರಲಿಲ್ಲ, ಆಗ ದೊಡ್ಡ ಸೆನ್ಸರೇ ಗೆಲ್ಲುತ್ತಿತ್ತು.

ಸೋಮನಾಥಪುರದ ದೇವಸ್ಥಾನದ ಒಳಗಿನ ಭುವನೇಶ್ವರಿಗಳನ್ನು (ಕೆತ್ತನೆಯ ಒಳಛಾವಣಿ) ತೆಗೆಯುವಾಗ ಚಿಕ್ಕ ಕ್ಯಾಮೆರಾದ ಸುಖ ಗೊತ್ತಾಗುತ್ತದೆ. ಒಳಗೆ ಕತ್ತಲು, ಟ್ರೈಪಾಡಿಗೆ ಪುರಾತತ್ವ ಇಲಾಖೆ ಅನುಮತಿ ಬೇಕು. ನೆಲಕ್ಕೆ ಕರ್ಚೀಫ್ ಹಾಸಿ, ಲೆನ್ಸ್ ಮೇಲೆ ಮಾಡಿ ಕ್ಯಾಮೆರಾ ಮಲಗಿಸಿ. ವೈಫೈಯಲ್ಲಿ ಮೊಬೈಲ್ ಜೋಡಿಸಿಕೊಂಡು ಫ್ರೇಮ್ ನೋಡಿ, ಮೊಬೈಲಿನಿಂದಲೇ ಕ್ಲಿಕ್ ಮಾಡಿ. ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 125ರಲ್ಲೇ ಇರಲಿ. ಶಟರ್ ಒಂದು ಸೆಕೆಂಡ್ ತೆರೆದಿದ್ದರೂ ಅಲುಗುವುದಿಲ್ಲ. ಕತ್ತು ಎತ್ತುವ ಕೆಲಸವೂ ಇಲ್ಲ.

ಪ್ರಶ್ನೆ: ಯಕ್ಷಗಾನಕ್ಕೆ ಆಗುತ್ತಾ ಸರ್? ಕ್ಯಾನನ್ ಜಿ7ಎಕ್ಸ್ ಮಾರ್ಕ್ 3ರಲ್ಲಿ ಝೂಮ್ 100 ಎಂಎಂವರೆಗೆ ಇದೆಯಲ್ವಾ?

ಉತ್ತರ: ಇದೆ, ಎಫ್ ಸಂಖ್ಯೆಯೂ ಅದೇ. ಆದರೆ ವೇಷ ಧಿಗಿಣ (ಗಿರಕಿ ಕುಣಿತ) ಹಾಕುವಾಗ ಅದರ ಫೋಕಸ್ ತಡಕಾಡುತ್ತದೆ. ಸೋನಿ 5ಎಯಲ್ಲಿ ಫೇಸ್ ಡಿಟೆಕ್ಷನ್ (phase detection; ಮುಖ ಗುರುತಿಸುವುದಲ್ಲ, ಫೋಕಸ್ ಎತ್ತ ಸರಿಯಬೇಕು ಅಂತ ನೇರವಾಗಿ ಅಳೆಯುವ ವಿಧಾನ) ಇರುವುದರಿಂದ ಬೇಗ ಹಿಡಿಯುತ್ತದೆ. ಝೂಮ್ 70 ಎಂಎಂಗೇ ನಿಲ್ಲುತ್ತದೆ, ಹಾಗಾಗಿ ಮುಂದಿನ ಸಾಲಲ್ಲಿ ಕೂರಬೇಕು. ಸೋನಿಯದೇ ಮಾರ್ಕ್ 7ರ ಝೂಮ್ 200 ಎಂಎಂವರೆಗೆ ಹೋಗುತ್ತದೆ, ಆದರೆ ಲೆನ್ಸ್ ಎಫ್ 2.8ರಿಂದ 4.5. ಹಗಲಲ್ಲಿ ಗೋಡೆಯ ಮೇಲಿನ ಶಿಲ್ಪಕ್ಕೆ ಚೆನ್ನ, ರಾತ್ರಿ ಆಟಕ್ಕೆ ನಾನು ಹೇಳಲ್ಲ.

ಇನ್ನೊಬ್ಬ ಸದಸ್ಯರು: ಫ್ಯೂಜಿ ಎಕ್ಸ್100 ಸೀರೀಸ್ ಯಾಕೆ ಬೇಡ ಸರ್?

ಉತ್ತರ: ಚಂದದ ಕ್ಯಾಮೆರಾ. ಸೆನ್ಸರ್ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡದು. ಆದರೆ ಝೂಮೇ ಇಲ್ಲ, ಎಕ್ಸ್100 ಸಿಕ್ಸ್ ತೂಕ 521 ಗ್ರಾಂ. ಮೇಡಂ ಕೆಲಸಕ್ಕೆ ಅಲ್ಲ. ಬರೀ ಬೀದಿ ಫೋಟೊ ಆದರೆ ರಿಕೋ ಜಿಆರ್ 3 ನೋಡಿ, 257 ಗ್ರಾಂ.

ಪ್ರಶ್ನೆ: 5ಎ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಏನು ನೋಡಬೇಕು?

ಉತ್ತರ: ಧೂಳು. ಲೆನ್ಸ್ ಹೊರಗೆ ಒಳಗೆ ಆಡುವಾಗ ಧೂಳು ಒಳಗೆ ಸೇರುತ್ತದೆ. ಲೆನ್ಸ್ ಕಳಚಲು ಬರುವುದಿಲ್ಲ, ಸರ್ವಿಸ್‌ನಲ್ಲಿ ಬಿಚ್ಚಿಸಲೇಬೇಕು. ಎಫ್ 11 ಇಟ್ಟು ಬಿಳಿ ಗೋಡೆಯ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಕಂಡರೆ ಸುಮ್ನೆ ವಾಪಸ್ ಕೊಟ್ಟುಬಿಡಿ. ಬ್ಯಾಟರಿ ಒಂದು ಚಾರ್ಜಿಗೆ 220 ಫೋಟೊ ಅಷ್ಟೇ, ಡಿ5300ರಲ್ಲಿ 600 ಬರುತ್ತಿತ್ತು. ಇನ್ನೊಂದು ಬ್ಯಾಟರಿ ಅವತ್ತೇ ತಗೊಳ್ಳಿ.