ಜೈಲು, ಠಾಣೆ, ಕೆರೆ: ಇಲಾಖೆಗಳನ್ನು ಬಿಡದೆ ಕೇಳುವವರು ಯಾರು?

ಹೊನ್ನಾಳಿ ಹುಡುಗ:
ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ 2023ರ ಸೆಪ್ಟೆಂಬರ್‌ನಲ್ಲಿ ಜೈಲುಗಳ ಸ್ಥಿತಿಗತಿ ಬಗ್ಗೆ ಒಂದು ವರದಿ ಕೊಟ್ಟಿದೆ. 245ನೇ ವರದಿ. ಮೂರು ರಾತ್ರಿ ಕೂತು ಓದಿ ಮುಗಿಸಿದೆ. ಅಧ್ಯಕ್ಷರಾಗಿದ್ದ ಬ್ರಿಜ್‌ಲಾಲ್ ಉತ್ತರ ಪ್ರದೇಶದ ಪೊಲೀಸ್ ಮಹಾನಿರ್ದೇಶಕರಾಗಿದ್ದವರು, ಒಳಗಿನ ಹೂರಣ ಗೊತ್ತಿರುವವರು. 31 ಸಂಸದರು ಬೇರೆ ಬೇರೆ ಪಕ್ಷದವರು, ಒಂದೇ ಮೇಜಿನ ಸುತ್ತ ಕೂತು ಗೃಹ ಇಲಾಖೆಯ ಅಧಿಕಾರಿಗಳನ್ನು ಕೇಳುವ ವ್ಯವಸ್ಥೆ ಇದು, 1993ರಿಂದ ನಡೆದುಬಂದಿದೆ. ಟಿವಿಯಲ್ಲಿ ನಮಗೆ ಕಾಣುವುದು ಸದನದ ಬಾವಿಗಿಳಿದು ಕೂಗುವುದು ಮಾತ್ರ.
ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಅಂಕಿ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಜಾಗ ಇದ್ದದ್ದು 4.36 ಲಕ್ಷ ಜನಕ್ಕೆ, ಇದ್ದವರು 5.73 ಲಕ್ಷ. ನಾಲ್ಕರಲ್ಲಿ ಮೂರು ಮಂದಿ ವಿಚಾರಣಾಧೀನರು, ಅಂದರೆ ಇನ್ನೂ ತೀರ್ಪು ಬಾರದವರು. ಇಂಥದ್ದನ್ನು ಗಲಾಟೆಯಿಲ್ಲದೆ ಕೂತು ನೋಡುವ ಜಾಗ ಸಮಿತಿ ಒಂದೇ ಅಂತ ನನ್ನ ವಾದ. ಆದರೆ 15ನೇ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆ ಸಮಿತಿಗೆ ಹೋಗಿದ್ದರೆ 17ನೇ ಲೋಕಸಭೆಯಲ್ಲಿ ಹೋದದ್ದು 16. ಇದರ ಬಗ್ಗೆ ನಮಗೆ ಸಿಟ್ಟೇ ಬರಲಿಲ್ಲವಲ್ಲ?

ಸುಮಾ, ವಕೀಲೆ:
ವರದಿ ಚೆನ್ನಾಗಿಯೇ ಇರುತ್ತದೆ ಸರ್. ಕಪಾಟೂ ಚೆನ್ನಾಗಿರುತ್ತದೆ. ನಾನು ವಾರಕ್ಕೊಮ್ಮೆ ಜೈಲಿಗೆ ಹೋಗುವವಳು. ಹೋದ ವರ್ಷ ಒಬ್ಬ ಹುಡುಗನಿಗೆ ಜಾಮೀನು ಸಿಕ್ಕಿತು. ಇಬ್ಬರು ಶ್ಯೂರಿಟಿ ಬೇಕು, ಪಹಣಿ ಸಮೇತ. ಅವನ ತಾಯಿ ಕಲ್ಲು ಹೊರುವವರು, ಅವರಿಗೆ ಗೊತ್ತಿರುವ ಯಾರ ಹೆಸರಿನಲ್ಲೂ ಪಹಣಿ ಇಲ್ಲ. ಜಾಮೀನು ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರವಿಕೆಯೊಳಗೆ ಇಟ್ಟುಕೊಂಡು ನಾಲ್ಕು ತಿಂಗಳು ಓಡಾಡಿದರು. ಆ ಹಾಳೆ ಮಡಿಕೆಯಲ್ಲಿ ಹರಿದು ಎರಡಾಗಿತ್ತು.
ಬದಲಾವಣೆ ತಂದದ್ದು ಕೋರ್ಟು. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮ ದಶಕಗಳಿಂದ ಇತ್ತು. ಒಬ್ಬ ಪತ್ರಕರ್ತೆ ಬರೆದು, ಅರ್ಜಿ ಹಾಕಿ, 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಅಂದಿತು. ಆ ಕೈಪಿಡಿಗಳು ಎಲ್ಲ ಜನಪ್ರತಿನಿಧಿಗಳ ಕೈಗೂ ಸಿಗುವಂಥವೇ ಆಗಿದ್ದವು.

ಹೊನ್ನಾಳಿ ಹುಡುಗ:
ಒಪ್ಪಿದೆ ಮೇಡಂ. ಆದರೆ ಕೋರ್ಟಿನ ಆದೇಶಕ್ಕೂ ಬೆನ್ನು ಹತ್ತುವವರು ಬೇಕಲ್ಲ? ಎಲ್ಲ ಠಾಣೆಗೂ ಸಿಸಿಟಿವಿ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಡಿಸೆಂಬರ್‌ನಲ್ಲಿ. 2025ರಲ್ಲಿ ಕಸ್ಟಡಿ ಸಾವುಗಳ ಸುದ್ದಿ ಓದಿ ಅದೇ ಕೋರ್ಟ್ ತಾನಾಗಿಯೇ ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ನಡುವಿನ ಐದು ವರ್ಷ ಪ್ರತಿ ಅಧಿವೇಶನದಲ್ಲೂ ಪ್ರತಿ ಶಾಸಕರೂ ತಮ್ಮ ತಾಲ್ಲೂಕಿನ ಠಾಣೆಯ ಕ್ಯಾಮೆರಾ ಕೆಲಸ ಮಾಡುತ್ತಿದೆಯಾ ಅಂತ ಕೇಳಿದ್ದರೆ?

ಹಳೇ ಫೈಲು:
ಕೇಳಿದರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಒಂದು ಇಲಾಖೆಯಲ್ಲಿ 30 ವರ್ಷ ಇದ್ದು ನಿವೃತ್ತನಾದವನು. ಅಧಿವೇಶನ ಬಂತೆಂದರೆ ನಮ್ಮ ಶಾಖೆಗೆ ಎಲ್‌ಎಕ್ಯೂ, ಎಲ್‌ಸಿಕ್ಯೂಗಳ, ಅಂದರೆ ವಿಧಾನಸಭೆ, ವಿಧಾನ ಪರಿಷತ್ತಿನ ಪ್ರಶ್ನೆಗಳ ಕಟ್ಟು ಬರುತ್ತಿತ್ತು. ಉತ್ತರದ ಹಾಳೆಗೆ ಎರಡು ಕಾಲಂ. ಎಡಗಡೆ ಪ್ರಶ್ನೆ: ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಬಲಗಡೆ ‘ಬಂದಿರುವುದಿಲ್ಲ’. ಬಂದಿರುವುದಿಲ್ಲ ಅಂದಮೇಲೆ ಕೆಳಗಿನ ಆ, ಇ, ಈ ಮೂರಕ್ಕೂ ‘ಉದ್ಭವಿಸುವುದಿಲ್ಲ’. ನಾಲ್ಕು ಪ್ರಶ್ನೆ, ಎರಡು ಪದ, ಮುಗಿಯಿತು. ‘ಪರಿಶೀಲಿಸಲಾಗುವುದು’ ಅಂತ ನಾನು ಒಮ್ಮೆ ಬರೆದಿದ್ದೆ, ಮೇಲಿನವರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ಹಾಗೆ ಬರೆದರೆ ಅದು ಭರವಸೆಯಾಗುತ್ತದೆ, ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಅಂತ ನೋಡುವ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ ಅಂತ.
ಅದಕ್ಕೇ ಹೇಳುವುದು, ಇಲಾಖೆಗೆ ನಿಜವಾದ ಭಯ ಸಮಿತಿಯದ್ದು. ಸಮಿತಿ ಮುಂದೆ ಹೋಗುವ ಹಿಂದಿನ ದಿನ ನಮ್ಮ ಸಾಹೇಬರು ಊಟ ಬಿಟ್ಟು ಫೈಲು ಓದುತ್ತಿದ್ದರು. ಅಲ್ಲಿ ‘ಉದ್ಭವಿಸುವುದಿಲ್ಲ’ ಅಂದರೆ ಎದುರಿಗಿರುವವರು ‘ಯಾಕೆ?’ ಅಂತ ಕೇಳುತ್ತಾರೆ.

ಕೆರೆ ದಂಡೆ:
ಬೆಂಗಳೂರಿನ ನಮ್ಮ ಬೆಳ್ಳಂದೂರು ಕೆರೆಗೆ ಸಮಿತಿಗಳು ಬಂದದ್ದು ಕಡಿಮೆಯೇನಲ್ಲ. ಎ.ಟಿ. ರಾಮಸ್ವಾಮಿ ಅವರ ಸಮಿತಿ ಬೆಂಗಳೂರಿನ ಭೂ ಒತ್ತುವರಿ ಬಗ್ಗೆ 2007ರಲ್ಲೇ ವರದಿ ಕೊಟ್ಟಿತು. ಕೋಳಿವಾಡ ಅವರ ಸದನ ಸಮಿತಿ ಕೆರೆ ಒತ್ತುವರಿ ಬಗ್ಗೆ 2017ರಲ್ಲಿ ಕೊಟ್ಟಿತು. ಅದೇ 2017ರಲ್ಲಿ ಕೆರೆಗೆ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು. ನಾನು ತಾರಸಿಯ ಮೇಲೆ ನಿಂತು ನೋಡಿದವನು. ನೀರಿನ ಮೇಲಿಂದ ಹೊಗೆ ಏಳುವುದನ್ನು ನನ್ನ ಮಗಳಿಗೆ ಹೇಗೆ ವಿವರಿಸಬೇಕೋ ತಿಳಿಯಲಿಲ್ಲ. ಕೊನೆಗೆ ದಂಡ ಹಾಕಿದ್ದು ಹಸಿರು ನ್ಯಾಯಮಂಡಳಿ.
ಸದನ ಸಮಿತಿ ವರದಿ ಕೊಟ್ಟ ದಿನವೇ ಅದರ ಕೆಲಸ ಮುಗಿಯುತ್ತದೆ. ಮರುವರ್ಷ ‘ಎಷ್ಟು ಎಕರೆ ಬಿಡಿಸಿದಿರಿ?’ ಅಂತ ಕೇಳಲು ಅದೇ ಜನ ಅದೇ ಮೇಜಿಗೆ ಬರುವುದಿಲ್ಲ. ನನ್ನ ತಕರಾರು ಅಷ್ಟೇ.

ಪ್ರವೀಣ, ರೀಡಿಂಗ್:
ನಾನಿರುವುದು ಇಂಗ್ಲೆಂಡಿನಲ್ಲಿ, ಥೇಮ್ಸ್ ದಡದ ಊರಿನಲ್ಲಿ. ಇಲ್ಲಿನ ಸಂಸತ್ತಿನ ಪರಿಸರ ಲೆಕ್ಕಪರಿಶೋಧನಾ ಸಮಿತಿ 2022ರ ಜನವರಿಯಲ್ಲಿ ನದಿಗಳ ಬಗ್ಗೆ ವರದಿ ಕೊಟ್ಟಿತು. ಇಂಗ್ಲೆಂಡಿನ ನದಿಗಳಲ್ಲಿ ಪರಿಸರದ ಲೆಕ್ಕದಲ್ಲಿ ಚೆನ್ನಾಗಿರುವುದು ನೂರಕ್ಕೆ 14, ರಾಸಾಯನಿಕದ ಲೆಕ್ಕದಲ್ಲಿ ಒಂದೂ ಇಲ್ಲ ಅಂತ. ಸರ್ಕಾರ ಎರಡು ತಿಂಗಳಲ್ಲಿ ಉತ್ತರ ಕೊಡಬೇಕು. ನಮ್ಮಲ್ಲೂ ಮೂರು ತಿಂಗಳ ಗಡುವಿದೆ. ವ್ಯತ್ಯಾಸ ಇರುವುದು ಬಾಗಿಲಿನಲ್ಲಿ. ಇಲ್ಲಿ ಸಾಕ್ಷ್ಯ ತೆಗೆದುಕೊಳ್ಳುವಾಗ ನಾನು ಮನೆಯಲ್ಲಿ ಕೂತು ನೇರಪ್ರಸಾರ ನೋಡಬಹುದು. ನಮ್ಮ ಸ್ಥಾಯಿ ಸಮಿತಿಗಳು ಮುಚ್ಚಿದ ಬಾಗಿಲ ಹಿಂದೆ. ಹಾಗಂತ ಇಲ್ಲಿ ಕೊಳಚೆ ನಿಂತಿಲ್ಲ, ಅದನ್ನೂ ಹೇಳಬೇಕು.

ಹಳೇ ಫೈಲು:
ಬಾಗಿಲು ಮುಚ್ಚಿರುವುದರಿಂದಲೇ ಅಲ್ಲಿ ಆಡಳಿತ ಪಕ್ಷದವರೂ ತಮ್ಮದೇ ಸರ್ಕಾರದ ಅಧಿಕಾರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಕ್ಯಾಮೆರಾ ಬಂದರೆ ಅಲ್ಲೂ ಭಾಷಣ ಶುರುವಾಗುತ್ತದೆ.

ಸುಮಾ, ವಕೀಲೆ:
ಅದು ಅಧಿಕಾರಿಯ ಕಡೆಯಿಂದ ಕಾಣುವ ನೋಟ. ಜೈಲಿನಲ್ಲಿರುವವನ ಬಗ್ಗೆ ಮಾತಾಡುವಾಗ ಅವನ ತಾಯಿಗೆ ಅದು ಕೇಳಿಸಬಾರದು ಅನ್ನುವುದನ್ನು ನಾನು ಒಪ್ಪಲಾರೆ. ಕನಿಷ್ಠ ವರದಿಯ ಸಾರ ಕನ್ನಡದಲ್ಲಿ ಬರಲಿ.

ಮಲೆನಾಡ ಮಳೆ:
ಬಾಗಿಲಿನ ಮಾತು ಬಿಡಿ, ಯಾವ ಕೋಣೆಗೆ ಕಳಿಸಬೇಕು ಅನ್ನುವುದನ್ನೇ ಸರ್ಕಾರ ಆರಿಸಿಕೊಳ್ಳುತ್ತದೆ. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ ಪರಿಸರದ ಸ್ಥಾಯಿ ಸಮಿತಿಗೆ ಹೋಗಬೇಕಿತ್ತು. ಅಧ್ಯಕ್ಷರಾಗಿದ್ದವರು ಕರ್ನಾಟಕದಿಂದ ರಾಜ್ಯಸಭೆಗೆ ಹೋದ ಜೈರಾಮ್ ರಮೇಶ್. ಅವರ ಸಮಿತಿಯನ್ನು ಬದಿಗಿಟ್ಟು, ಈ ಮಸೂದೆಗೆಂದೇ ಮಾಡಿದ ಜಂಟಿ ಸಮಿತಿಗೆ ಕಳಿಸಿದರು. ಆ ಸಮಿತಿ ಒಂದು ಮಾತೂ ಬದಲಿಸದೆ ಒಪ್ಪಿತು, ಭಿನ್ನಮತದ ಟಿಪ್ಪಣಿಗಳು ಕೊನೆಯಲ್ಲಿ ಉಳಿದವು. ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಇಲ್ಲದ ಕಾಡಿನ ಗತಿ ಈ ತಿದ್ದುಪಡಿಯಿಂದ ಏನಾಗುತ್ತದೆ ಅನ್ನುವುದು ನಮ್ಮ ಕಡೆ ದೊಡ್ಡ ಪ್ರಶ್ನೆ. ರಾಜ್ಯ ಸರ್ಕಾರ 9.94 ಲಕ್ಷ ಹೆಕ್ಟೇರ್ ಇದ್ದ ಪರಿಭಾವಿತ ಅರಣ್ಯವನ್ನು (ಅಧಿಸೂಚನೆ ಆಗದಿದ್ದರೂ ಅರಣ್ಯವೆಂದು ಪರಿಗಣಿಸುವ ಜಾಗ, ‘ಡೀಮ್ಡ್ ಫಾರೆಸ್ಟ್’) 2022ರಲ್ಲಿ 3.3 ಲಕ್ಷಕ್ಕೆ ಇಳಿಸಿತು. ನಮ್ಮ ಮನೆ ಹಿಂದಿನ ಕಾಡು ಈಗ ಯಾವ ಲೆಕ್ಕದಲ್ಲಿದೆ ಅಂತ ಕೇಳಿದರೆ ಗಾರ್ಡಿಗೂ ಗೊತ್ತಿಲ್ಲ.

ಹೊನ್ನಾಳಿ ಹುಡುಗ:
ಸರಿ, ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ. ಸಮಿತಿ ಇದ್ದರೆ ಸಾಲದು, ಅದೇ ಪ್ರಶ್ನೆಯನ್ನು ಹಿಡಿದು ಮತ್ತೆ ಬರುವವರು ಬೇಕು. ಸುಮಾ ಮೇಡಂ, ನಿಮ್ಮ ಆ ಹುಡುಗನ ವಿಷಯ ಸದನಕ್ಕೆ ತರಲು ದಾರಿ ಇದೆಯಾ?

ಸುಮಾ, ವಕೀಲೆ:
ಇದೆ. ಜಾಮೀನಿನ ಹಣ ಕಟ್ಟಲಾಗದ ಬಡ ಕೈದಿಗಳಿಗೆ ನೆರವಾಗಲು ಕೇಂದ್ರ 2023ರ ಬಜೆಟ್‌ನಲ್ಲಿ ಯೋಜನೆ ಘೋಷಿಸಿತು. ವಿಚಾರಣಾಧೀನರಿಗೆ ಆಗಿನ ಮಿತಿ 40,000 ರೂಪಾಯಿ. ಹಣ ಕೇಂದ್ರದ್ದು, ಜೈಲು ರಾಜ್ಯದ್ದು. ದೆಹಲಿಯಲ್ಲಿ ಕೇಳಿದರೆ ‘ಸಂವಿಧಾನದ ಏಳನೇ ಅನುಸೂಚಿಯಂತೆ ಜೈಲು ರಾಜ್ಯದ ವಿಷಯ’ ಅಂತಾರೆ. ಅದಕ್ಕೇ ಬೆಂಗಳೂರಿನಲ್ಲಿ ಕೇಳಬೇಕು. ನಮ್ಮ ಶಾಸಕರು ಪ್ರಶ್ನೆ ಬರೆದುಕೊಡಿ ಅಂದಿದ್ದಾರೆ: ‘ಈ ಯೋಜನೆ ಸರಿಯಾಗಿ ಜಾರಿಯಾಗದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’

ಹಳೇ ಫೈಲು:
ಹಾಗೆ ಬರೆಯಬೇಡಿ ಅಮ್ಮ, ‘ಬಂದಿರುವುದಿಲ್ಲ’ ಅಂತ ಮುಗಿಸುತ್ತಾರೆ. ಹೀಗೆ ಬರೆಯಿರಿ: ‘ಜಾಮೀನು ಆದೇಶವಾಗಿಯೂ 7 ದಿನ ಮೀರಿ ಬಂಧನದಲ್ಲಿರುವವರ ಸಂಖ್ಯೆ ಎಷ್ಟು? (ಜೈಲುವಾರು ವಿವರ ನೀಡುವುದು). ಅವರಲ್ಲಿ ಎಷ್ಟು ಮಂದಿಗೆ ಈ ಯೋಜನೆಯಡಿ ಹಣ ಮಂಜೂರಾಗಿದೆ? ಯಾವ ದಿನಾಂಕದಂದು?’ ದಿನಾಂಕ ಬಿಡಬೇಡಿ. ಅಂಕಿ ಬಂದಮೇಲೆ ಮುಂದಿನ ಅಧಿವೇಶನಕ್ಕೂ ಇದೇ ಪ್ರಶ್ನೆ, ಒಂದಕ್ಷರ ಬದಲಿಸದೆ. ಕರಡು ಇಲ್ಲಿ ಹಾಕಿ, ನಾನು ತಿದ್ದಿಕೊಡುತ್ತೇನೆ.