ಬ್ಲೂಮಿಂಗ್ಟನ್‌ಗೆ ಬರುತ್ತಿದ್ದೇವೆ, ಮೆಕ್ಲೇನ್ ಕೌಂಟಿ ಹೇಗಿದೆ ಹೇಳ್ತೀರಾ?

ಪ್ರಶ್ನೆ: ನನ್ನ ಗಂಡನಿಗೆ ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಕೆಲಸ ಸಿಕ್ಕಿದೆ. ಜನವರಿಯಲ್ಲಿ ಮೈಸೂರಿನಿಂದ ಹೊರಡುತ್ತೇವೆ. ಏಳು ವರ್ಷದ ಮಗಳಿದ್ದಾಳೆ. ಮುಸುಕಿನ ಜೋಳದ ಹೊಲ ಬಿಟ್ಟರೆ ಅಲ್ಲಿ ಏನೂ ಇಲ್ಲ, ಒಂದೇ ಕಂಪನಿ ನಂಬಿಕೊಂಡ ಊರು ಅಂತ ಹೆದರಿಸುತ್ತಿದ್ದಾರೆ. ಅಲ್ಲಿದ್ದವರು ಹೇಳಿ, ಪ್ಲೀಸ್.

ಒಂಬತ್ತು ವರ್ಷ ಅಲ್ಲಿದ್ದವರು: ಹೆದರಬೇಡಿ ಅಕ್ಕಾ. ಹೊಲ ಇರುವುದೇನೋ ನಿಜ. ಬ್ಲೂಮಿಂಗ್ಟನ್ ಇರುವುದು ಮೆಕ್ಲೇನ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ವಿಸ್ತೀರ್ಣದಲ್ಲಿ ಇಲಿನಾಯ್‌ನ ಅತಿ ದೊಡ್ಡ ಕೌಂಟಿ ಇದು. ಬ್ಲೂಮಿಂಗ್ಟನ್, ಅದಕ್ಕೆ ಅಂಟಿಕೊಂಡ ನಾರ್ಮಲ್, ಇವೆರಡು ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಗೋವಿನಜೋಳ, ಸೋಯಾ. ನಾನು ಗದಗ ಕಡೆಯವನು, ಎರೆಹೊಲದಲ್ಲಿ ಬೆಳೆದವನು. ಮೊದಲ ವರ್ಷ ಏಪ್ರಿಲ್‌ನಲ್ಲಿ ಅಲ್ಲಿನ ಹೊಲ ನೋಡಿ ಕಾರು ನಿಲ್ಲಿಸಿ ಇಳಿದಿದ್ದೆ. ಅಷ್ಟು ಕಪ್ಪು ಮಣ್ಣು! ಆದರೆ ನಮ್ಮ ಎರೆಯ ಹಾಗೆ ಬೇಸಿಗೆಯಲ್ಲಿ ಬಾಯಿ ಬಿಡುವ ಮಣ್ಣಲ್ಲ. ಹಿಮನದಿಗಳು ಬಿಟ್ಟುಹೋದ ನೆಲ, ಅದರ ಮೇಲೆ ಗಾಳಿ ತಂದು ಹಾಸಿದ ಧೂಳು, ಅದರಲ್ಲಿ ಆಳೆತ್ತರದ ಹುಲ್ಲು ಸಾವಿರಾರು ವರ್ಷ ಬೆಳೆದು ಕೊಳೆತು ಆದ ಕಪ್ಪು.

ಮೊದಲು ಅಲ್ಲಿ ಕಿಕಾಪೂ ಎಂಬ ಮೂಲನಿವಾಸಿ ಜನರಿದ್ದರು. ಕೌಂಟಿ ಆಗಿದ್ದು 1830ರಲ್ಲಿ. ಆಗ ತಗ್ಗಿನ ನೆಲವೆಲ್ಲ ಜೌಗು. ಆಮೇಲೆ ರೈತರು ನೆಲದಡಿ ಸುಟ್ಟ ಮಣ್ಣಿನ ಕೊಳವೆ ಹೂತು ನೀರು ಬಸಿದರು. ಈಗ ಕಾಣುವ ಬೆಳೆಯ ಕೆಳಗೆ ಅಂಥ ಕೊಳವೆಗಳ ಜಾಲವೇ ಇದೆ. ಕಣ್ಣಿಗೆ ಬೀಳದ ಆ ದುಡಿಮೆ ನೆನೆದರೆ ನನಗೆ ಈಗಲೂ ಕೈಮುಗಿಯಬೇಕು ಅನಿಸುತ್ತದೆ.

ನೀವು ಕೇಳಿದ ಕಂಪನಿ ಹುಟ್ಟಿದ್ದೂ ಈ ಹೊಲಗಳಿಂದಲೇ. ಸ್ಟೇಟ್ ಫಾರ್ಮ್ ವಿಮಾ ಕಂಪನಿಯನ್ನು 1922ರಲ್ಲಿ ಕಟ್ಟಿದ ಜಾರ್ಜ್ ಮೆಕರ್ಲ್ ಬೇಸಾಯ ಮಾಡಿದವರು. ಪೇಟೆಯವರಿಗಿಂತ ರೈತರು ಕಾರು ಓಡಿಸುವುದು ಕಮ್ಮಿ, ಅಪಘಾತವೂ ಕಮ್ಮಿ, ಮತ್ತೆ ಅಷ್ಟೇ ಪ್ರೀಮಿಯಂ ಯಾಕೆ ಕಟ್ಟಬೇಕು? ಇದು ಅವರ ಲೆಕ್ಕ. ನಮ್ಮ ಐಟಿಯವರು ಜಾಸ್ತಿ ಬಂದಿದ್ದೂ ಅದೇ ಕಂಪನಿಯ ದೆಸೆಯಿಂದ.

ನಾರ್ಮಲ್‌ನಲ್ಲಿ ಇರುವವರು: ಒಂದೇ ಕಂಪನಿ ಅನ್ನುವುದು ಪೂರ್ತಿ ಸರಿಯಲ್ಲ. ನಾರ್ಮಲ್‌ನಲ್ಲಿ 1988ರಿಂದ ಮಿತ್ಸುಬಿಷಿ ಕಾರು ತಯಾರಾಗುತ್ತಿತ್ತು. 2015ರಲ್ಲಿ ನಿಂತಿತು. ಆ ಕಾರ್ಖಾನೆಯನ್ನು 2017ರಲ್ಲಿ ರಿವಿಯನ್ ಅನ್ನುವ ಕಂಪನಿ ಕೊಂಡಿತು. 2021ರಿಂದ ಅಲ್ಲಿ ಎಲೆಕ್ಟ್ರಿಕ್ ಗಾಡಿ ತಯಾರಾಗುತ್ತಿವೆ. ಮಧ್ಯದ ಆ ವರ್ಷಗಳನ್ನು ನೋಡಿದವನಾಗಿ ಹೇಳುತ್ತೇನೆ, ಬಂದ ಕೂಡಲೇ ಮನೆ ಕೊಳ್ಳಬೇಡಿ. ಒಂದೆರಡು ವರ್ಷ ಬಾಡಿಗೆಗೇ ಇರಿ. ನಿಮ್ಮ ಯಜಮಾನರದು ಗುತ್ತಿಗೆ ಕೆಲಸವಾದರಂತೂ ಇದನ್ನು ಮರೆಯಲೇಬೇಡಿ.

ಎಚ್-4 ವೀಸಾದಲ್ಲಿ ಬಂದವರು: ನೀವೂ ಎಚ್-4ರಲ್ಲೇ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಸಂಗಾತಿ, ಮಕ್ಕಳಿಗೆ ಕೊಡುವ ವೀಸಾದಲ್ಲೇ ಬರುವುದಾದರೆ, ಆ ವೀಸಾ ಒಂದರಿಂದಲೇ ಕೆಲಸ ಮಾಡುವ ಹಾಗಿಲ್ಲ, ಅನುಮತಿ ಬೇರೆ ಬೇಕು. ಓದುವುದಕ್ಕೆ ಅಡ್ಡಿಯಿಲ್ಲ. ನಾರ್ಮಲ್‌ನಲ್ಲಿ ಇಲಿನಾಯ್ ಸ್ಟೇಟ್ ಯೂನಿವರ್ಸಿಟಿ ಇದೆ, 1857ರದು. ನಾನು ಎರಡು ವರ್ಷ ಸುಮ್ನೆ ಮನೆಯಲ್ಲಿ ಕೂತು ಅತ್ತು, ಆಮೇಲೆ ಅಲ್ಲಿ ಸೇರಿದೆ. ನೀವು ಆ ಎರಡು ವರ್ಷ ಕಳೆಯಬೇಡಿ.

ಬಂದ ತಿಂಗಳೇ ಡ್ರೈವಿಂಗ್ ಕಲಿಯಿರಿ. ಬಸ್ಸಿದೆ, ಆದರೆ ಜನವರಿಯ ಗಾಳಿಯಲ್ಲಿ ಸ್ಟಾಪಿನಲ್ಲಿ ನಿಲ್ಲುವುದು ಕಷ್ಟ. ತಡೆಯುವುದಕ್ಕೆ ಗುಡ್ಡವಿಲ್ಲ, ಬಯಲ ಗಾಳಿ ನೇರ ಎದೆಗೇ ಬಡಿಯುತ್ತದೆ. ದಪ್ಪ ಕೋಟನ್ನು ಇಲ್ಲೇ ಕೊಳ್ಳಿ, ಮೈಸೂರಿನದು ಸಾಲದು. ಶಿಕಾಗೋಗೆ ನಾರ್ಮಲ್‌ನಿಂದ ರೈಲಿದೆ, ಎರಡು ಗಂಟೆ ಚಿಲ್ಲರೆ.

ತಿಂಗಳ ಮೊದಲ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಸೈರನ್ ಕೂಗಿದರೆ ಗಾಬರಿಯಾಗಬೇಡಿ, ಸುಂಟರಗಾಳಿ ಸೈರನ್ನಿನ ಪರೀಕ್ಷೆ ಅದು. ಬೇರೆ ಹೊತ್ತಿನಲ್ಲಿ ಕೂಗಿದರೆ ಮಗಳನ್ನು ಕರೆದುಕೊಂಡು ನೆಲಮಾಳಿಗೆಗೆ ಇಳಿಯಿರಿ. ಬಾಡಿಗೆ ಮನೆ ನೋಡುವಾಗಲೇ ನೆಲಮಾಳಿಗೆ ಇದೆಯಾ ಕೇಳಿಬಿಡಿ.

ಫೆಬ್ರವರಿ ಕೊನೆಗೆ ಮಗಳನ್ನು ಫಂಕ್ಸ್ ಗ್ರೋವ್‌ಗೆ ಕರೆದುಕೊಂಡು ಹೋಗಿ. ರೂಟ್ 66 ಎಂಬ ಹಳೆಯ ಹೆದ್ದಾರಿಯ ಪಕ್ಕದ ಮೇಪಲ್ ಮರಗಳ ತೋಪು ಅದು. ಮರದಿಂದ ತೊಟ್ಟಿಕ್ಕುವ ನೀರನ್ನು ಕುದಿಸಿ ಕುದಿಸಿ ಪಾಕ ಮಾಡುತ್ತಾರೆ, 1891ರಿಂದ ಮಾರುತ್ತಿದ್ದಾರೆ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಬೇಕು. ನಮ್ಮ ಮನೆಯಲ್ಲಿ ಜೋನಿ ಬೆಲ್ಲ ಮುಗಿದಾಗ ದೋಸೆಗೆ ಅದೇ.